ಪ್ಲಾಂಟ್ ಕೆರಾಟಿನ್: ಡಬ್ಬಿ ಕೊಳ್ಳುವ ಮುಂಚೆ, ಕೊಂಡ ಮೇಲೆ

ಚಿಕ್ಕಮ್ಮ ಮೈಸೂರಿನಿಂದ ಬರುವಾಗ ಚಕ್ಕುಲಿ ಡಬ್ಬಿಯ ಜೊತೆಗೆ ಒಂದು ಹೇರ್ ಮಾಸ್ಕ್ ಡಬ್ಬಿಯನ್ನೂ ತಂದಿದ್ದರು. ಚಕ್ಕುಲಿ ನನಗೆ, ಹೇರ್ ಮಾಸ್ಕ್ ವಿಚಾರಣೆಗೆ. "ನೋಡೇ, ಹಸಿರು ಚುಕ್ಕೆ ಇದೆ. ಪಕ್ಕದಲ್ಲೇ ಕೆರಾಟಿನ್ ಅಂತಾನೂ ಬರೆದಿದ್ದಾರೆ. ಕೆರಾಟಿನ್ ಅಂದ್ರೆ ಗೊರಸು, ಕೋಳಿ ಪುಕ್ಕ ಎಲ್ಲ ಕರಗಿಸಿ ಮಾಡೋದು ಅಂತ ನಮ್ಮ ಹುಡುಗಿ ಹೇಳ್ತಾಳೆ. ಯಾವುದೇ ನಿಜ?" ಅಂತ ಕೇಳಿದರು. ಈರುಳ್ಳಿ ಎಣ್ಣೆಯ ಫ್ಯಾಷನ್ ಬಂದಾಗ ಅದನ್ನು ಬಚ್ಚಲುಮನೆಯೊಳಕ್ಕೂ ಬಿಟ್ಟುಕೊಳ್ಳದ ಹೆಂಗಸು ಅವರು. ಸುಮ್ನೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಎರಡೂ ನಿಜ. ಹುಡುಗಿ ಹೇಳಿದ್ದೂ ಸರಿ, ಹಸಿರು ಚುಕ್ಕೆಯೂ ಸರಿ. ತಪ್ಪಿರುವುದು ಹೆಸರಿನಲ್ಲಿ. ಗಿಡಗಳಲ್ಲಿ ಕೆರಾಟಿನ್ ಇರುವುದೇ ಇಲ್ಲ. ಅದು ಪ್ರಾಣಿಗಳ ಮೈಯಲ್ಲಿ ತಯಾರಾಗುವ ಪ್ರೋಟೀನ್. ನಮ್ಮ ಕೂದಲು, ಉಗುರು, ಚರ್ಮದ ಮೇಲ್ಪದರ, ಕುರಿಯ ಉಣ್ಣೆ, ಹಕ್ಕಿಯ ಪುಕ್ಕ, ದನದ ಕೊಂಬು, ಎಲ್ಲ ಅದರಿಂದಲೇ ಆದದ್ದು. ಹಾಗಾದರೆ "ಪ್ಲಾಂಟ್ ಕೆರಾಟಿನ್", "ವೀಗನ್ ಕೆರಾಟಿನ್", "ಫೈಟೋ ಕೆರಾಟಿನ್" ಅಂತ ಮಾರುವ ಡಬ್ಬಿಗಳಲ್ಲಿ ಇರುವುದೇನು? ಸಾಮಾನ್ಯವಾಗಿ ಗೋಧಿ, ಮೆಕ್ಕೆಜೋಳ, ಸೋಯಾ, ಈ ಮೂರರ ಪ್ರೋಟೀನನ್ನು ಸಣ್ಣಸಣ್ಣ ತುಂಡು ಮಾಡಿ ಬೆರೆಸಿದ ಮಿಶ್ರಣ. ಕೆಲವೊಮ್ಮೆ ಅಕ್ಕಿ ಅಥವಾ ಬಟಾಣಿ ಪ್ರೋಟೀನ್.

ಹಾಗಂತ ಅದು ಬರೀ ಮೋಸ ಅಂತ ಹೇಳುತ್ತಿಲ್ಲ. ಸರಿಯಾಗಿ ಬಳಸಿದರೆ ಒಳ್ಳೆಯ ಕೆಲಸ ಮಾಡುವ ಸಾಮಾನು. ಆದರೆ ಅದರ ಕೆಲಸ ಯಾವುದು, ಎಷ್ಟು ದಿನದ್ದು ಅನ್ನುವುದು ಗೊತ್ತಿಲ್ಲದೆ ಕೊಂಡರೆ ದುಡ್ಡು ಹೆಸರಿಗೆ ಹೋಗುತ್ತದೆ, ಕೂದಲಿಗೆ ಹೋಗುವುದಿಲ್ಲ.

ಮೊದಲು ಒಂದು ಉಂಡೆ ಚಪಾತಿ ಹಿಟ್ಟು

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ನಿಂಬೆಹಣ್ಣಿನ ಗಾತ್ರದ ಚಪಾತಿ ಹಿಟ್ಟಿನ ಉಂಡೆ ತೆಗೆದುಕೊಂಡು, ಒಂದು ಪಾತ್ರೆ ನೀರಿನಲ್ಲಿ ಮುಳುಗಿಸಿ, ಬೆರಳಲ್ಲಿ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಬದಲಾಯಿಸಿ ಮತ್ತೆ ಮತ್ತೆ ತೊಳೆದರೆ ಕೊನೆಗೆ ಕೈಯಲ್ಲಿ ಕಂದು ಬಣ್ಣದ, ಎಳೆದರೆ ರಬ್ಬರಿನಂತೆ ಹಿಗ್ಗುವ ಒಂದು ಅಂಟು ಮುದ್ದೆ ಉಳಿಯುತ್ತದೆ. ಅದೇ ಗೋಧಿಯ ಪ್ರೋಟೀನ್, ಗ್ಲುಟೆನ್. (ಮೈದಾದಲ್ಲಿ ಮಾಡಿದರೆ ಇನ್ನೂ ಚೆನ್ನಾಗಿ ಬರುತ್ತದೆ. ಗೋಧಿ ಹಿಟ್ಟಿನಲ್ಲಿ ತೌಡು ಅಡ್ಡ ಬರುತ್ತದೆ.) ಈ ಮುದ್ದೆಯನ್ನು ಹಾಗೇ ತಲೆಗೆ ಹಚ್ಚಿದರೆ ಬಾಚಣಿಗೆ ಮುರಿಯುತ್ತದೆ ಅಷ್ಟೇ. ಅದಕ್ಕೇ ಕಾರ್ಖಾನೆಯಲ್ಲಿ ಆಸಿಡ್ ಅಥವಾ ಎನ್ಜೈಮ್ ಹಾಕಿ ಅದನ್ನು ನೀರಿನಲ್ಲಿ ಕರಗುವಷ್ಟು ಚಿಕ್ಕ ತುಂಡುಗಳಾಗಿ ಒಡೆಯುತ್ತಾರೆ. ಡಬ್ಬಿಯ ಮೇಲೆ "ಹೈಡ್ರೊಲೈಸ್ಡ್" ಅಂತ ಬರೆದಿರುವುದು ಈ ಒಡೆಯುವ ಕೆಲಸಕ್ಕೆ.

ಕೂದಲು ಸುಟ್ಟರೆ ಬರುವ ಆ ಕಮಟು ವಾಸನೆ ಗೊತ್ತಲ್ವಾ? ಅದಕ್ಕೆ ಒಂದು ಕಾರಣ ಗಂಧಕ. ಕೆರಾಟಿನ್‌ನಲ್ಲಿ ಸಿಸ್ಟೀನ್ ಅನ್ನುವ ಗಂಧಕವಿರುವ ಅಮೈನೋ ಆಸಿಡ್ ತುಂಬ ಇದೆ. ಎರಡು ಸಿಸ್ಟೀನ್‌ಗಳು ಕೈಕೈ ಹಿಡಿದುಕೊಂಡ ಹಾಗೆ ಅಕ್ಕಪಕ್ಕದ ಎಳೆಗಳನ್ನು ಬಿಗಿಯುತ್ತವೆ. ಕೂದಲಿಗೂ ಉಗುರಿಗೂ ಗಟ್ಟಿತನ ಬರುವುದು ಈ ಬಿಗಿತದಿಂದ. ಗೋಧಿ, ಮೆಕ್ಕೆಜೋಳ, ಸೋಯಾದಲ್ಲಿ ಸಿಸ್ಟೀನ್ ಇದ್ದರೂ ಕೆರಾಟಿನ್ನಿಗೆ ಹೋಲಿಸಿದರೆ ಬಹಳ ಕಡಿಮೆ. ಹಾಗಾಗಿ ಈ ಮಿಶ್ರಣ ನಿಮ್ಮ ಕೂದಲಿನ ಒಳಗೆ ಹೋಗಿ ಹೊಸ ಕೆರಾಟಿನ್ ಆಗಿ ಕೂತುಬಿಡುತ್ತದೆ ಅನ್ನುವುದು ಜಾಹೀರಾತಿನ ಮಾತು.

ನಿಜವಾಗಿ ಆಗುವುದು ಇಷ್ಟು. ಬಣ್ಣ, ಬ್ಲೀಚ್, ಐರನ್ ಬಿದ್ದ ಕೂದಲಿನ ಹೊರಪದರ ಅಲ್ಲಲ್ಲಿ ಕಿತ್ತುಹೋಗಿರುತ್ತದೆ. ಪ್ರೋಟೀನಿನ ದೊಡ್ಡ ತುಂಡುಗಳು ಮೇಲೆ ತೆಳ್ಳಗೆ ಪೊರೆಯಂತೆ ಕೂರುತ್ತವೆ, ಚಿಕ್ಕ ತುಂಡುಗಳು ಬಿರುಕಿನೊಳಗೆ ಸ್ವಲ್ಪ ಇಳಿಯುತ್ತವೆ, ಎರಡೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೂದಲು ಸ್ವಲ್ಪ ದಪ್ಪ ಅನ್ನಿಸುತ್ತದೆ, ಬಾಚುವಾಗ ಕಡಿಮೆ ತುಂಡಾಗುತ್ತದೆ. ಕೆಲವು ತಲೆಸ್ನಾನ ಆಗುವಷ್ಟರಲ್ಲಿ ಅದು ತೊಳೆದು ಹೋಗುತ್ತದೆ. ಗೋಡೆಗೆ ಸುಣ್ಣ ಹೊಡೆದ ಹಾಗೆ, ಮತ್ತೆ ಮತ್ತೆ ಹೊಡೆಯುತ್ತಿರಬೇಕು.

ನಿಮಗೆ ಬೇಕಾ ಅಂತ ನೋಡಿಕೊಳ್ಳಿ

ಎಲ್ಲರ ಕೂದಲಿಗೂ ಇದು ಬೇಕಿಲ್ಲ. ಬಣ್ಣ ಹಾಕಿಸದ, ಐರನ್ ಮಾಡದ, ಎಣ್ಣೆ ಹಚ್ಚಿ ಜಡೆ ಹೆಣೆಯುವ ಕೂದಲಿಗೆ ಪ್ರೋಟೀನ್ ಮಾಸ್ಕ್ ಹಾಕಿದರೆ ಒರಟಾಗುವುದೇ ಜಾಸ್ತಿ.

ಒಂದು ಸುಲಭದ ಪರೀಕ್ಷೆ ಇದೆ. ಲ್ಯಾಬಿನ ಪರೀಕ್ಷೆಯೇನಲ್ಲ, ಅಂದಾಜಿಗೆ ಸಾಕು. ಸ್ನಾನವಾದ ಮೇಲೆ ಬಾಚಣಿಗೆಗೆ ಬಂದ ಒಂದು ಒದ್ದೆ ಕೂದಲನ್ನು ಎರಡೂ ಕೈಯ ಬೆರಳುಗಳಿಗೆ ಸುತ್ತಿ ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ, ಬಿಟ್ಟ ತಕ್ಷಣ ಮೊದಲಿನ ಉದ್ದಕ್ಕೆ ಬಂದರೆ ಏನೂ ತೊಂದರೆಯಿಲ್ಲ, ದುಡ್ಡು ಉಳಿಸಿ. ಚೂಯಿಂಗ್ ಗಮ್ಮಿನ ಹಾಗೆ ಉದ್ದಕ್ಕೆ ಎಳೆದುಕೊಂಡು ಹೋಗಿ, ಹಿಂದಕ್ಕೆ ಬರದೆ ತುಂಡಾದರೆ ಒಳಗೆ ಬಲ ಹೋಗಿದೆ, ಪ್ರೋಟೀನ್ ಹಾಕಿ ನೋಡಬಹುದು. ಹಿಗ್ಗದೆ ಟಕ್ ಅಂತ ಮುರಿದರೆ ಅದಕ್ಕೆ ಬೇಕಾಗಿರುವುದು ಕಂಡೀಷನರ್ ಮತ್ತು ಎಣ್ಣೆ, ಪ್ರೋಟೀನ್ ಅಲ್ಲ. ಒಂದೇ ಕೂದಲು ನೋಡಿ ತೀರ್ಮಾನ ಮಾಡಬೇಡಿ, ನಾಲ್ಕೈದು ನೋಡಿ.

ಇನ್ನೊಂದು ವಿಷಯ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗೆ, ಅಂದರೆ 60 ಸೆಂಟಿಮೀಟರ್ ಕೂದಲಿದ್ದರೆ ಅದರ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಬಾಚಣಿಗೆ, ರಬ್ಬರ್ ಬ್ಯಾಂಡ್ ಎಲ್ಲ ಅದರ ಮೇಲೆ ಆಗಿಹೋಗಿವೆ. ಬುಡದ ಕೂದಲು ಹೊಸದು. ಅದಕ್ಕೇ ಏನು ಹಚ್ಚಿದರೂ ಕಿವಿಯಿಂದ ಕೆಳಕ್ಕೆ ಹಚ್ಚಿ. ತಲೆಯ ಚರ್ಮಕ್ಕೆ ತಿಕ್ಕಿದರೆ ಕೂದಲು ಹೊಸದಾಗಿ ಹುಟ್ಟುವುದಿಲ್ಲ, ಎಣ್ಣೆಜಿಡ್ಡು ಮಾತ್ರ ಹುಟ್ಟುತ್ತದೆ. ಸೀಳಿದ ತುದಿ ಒಂದು ಸಲ ಸೀಳಿದರೆ ಮುಗಿಯಿತು, ಕತ್ತರಿ ಬಿಟ್ಟು ಬೇರೆ ಔಷಧವಿಲ್ಲ.

ಡಬ್ಬಿ ತಿರುಗಿಸಿ ಓದುವುದು

ಮುಂದಿನ ಭಾಗದಲ್ಲಿ ಏನು ಬೇಕಾದರೂ ಬರೆದಿರಲಿ, ಗೋಧಿ ತೆನೆಯ ಚಿತ್ರ ಇರಲಿ, ಎಲೆ ಇರಲಿ, ಅದನ್ನು ಬಿಡಿ. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ "ಇಂಗ್ರೀಡಿಯೆಂಟ್ಸ್" ಅಂತ ಶುರುವಾಗುತ್ತದಲ್ಲ, ಅಲ್ಲಿಗೆ ಬನ್ನಿ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳಿ, ಚಿಕ್ಕಮ್ಮನ ಜೊತೆ ನಾನು ಮಾಡಿದ್ದು ಅದನ್ನೇ.

ಅಲ್ಲಿ "ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್", "ಹೈಡ್ರೊಲೈಸ್ಡ್ ಕಾರ್ನ್ ಪ್ರೋಟೀನ್", "ಹೈಡ್ರೊಲೈಸ್ಡ್ ಸೋಯ್ ಪ್ರೋಟೀನ್" ಅಂತ ಇದ್ದರೆ ಅದೇ ಪ್ಲಾಂಟ್ ಕೆರಾಟಿನ್. "ಹೈಡ್ರೊಲೈಸ್ಡ್ ಕೆರಾಟಿನ್" ಅಥವಾ "ಕೆರಾಟಿನ್ ಅಮೈನೋ ಆಸಿಡ್ಸ್" ಅಂತ ಇದ್ದರೆ ಸಾಮಾನ್ಯವಾಗಿ ಅದು ಉಣ್ಣೆ, ಪುಕ್ಕ, ಕೊಂಬಿನಂಥವುಗಳಿಂದ ಬಂದದ್ದು. ಸೂಕ್ಷ್ಮಜೀವಿಗಳ ಕೈಯಲ್ಲಿ ಕೆರಾಟಿನ್ ಮಾಡಿಸುವ ವಿದ್ಯೆಯೂ ಬಂದಿದೆ, ಆದರೆ ಅಂಥದ್ದು ಹಾಕಿದ್ದರೆ ಕಂಪನಿಯವರು ಅದನ್ನು ದೊಡ್ಡದಾಗಿಯೇ ಹೇಳಿಕೊಳ್ಳುತ್ತಾರೆ. "ಸಿಲ್ಕ್ ಅಮೈನೋ ಆಸಿಡ್ಸ್" ರೇಷ್ಮೆಯದು, "ಕೊಲ್ಲಾಜೆನ್" ಪ್ರಾಣಿಯದೇ. ಸಸ್ಯಾಹಾರದ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಚುಕ್ಕೆಯ ಜೊತೆಗೆ ಈ ಹೆಸರುಗಳನ್ನೂ ನೋಡಿಕೊಳ್ಳಿ.

ಹೆಸರು ಸಿಕ್ಕಿದ ಮೇಲೆ ಅದು ಎಷ್ಟನೆಯ ಜಾಗದಲ್ಲಿದೆ ಅಂತ ನೋಡಿ. ನಮ್ಮ ದೇಶದ ನಿಯಮದ ಪ್ರಕಾರ ಶೇ. 1ಕ್ಕಿಂತ ಹೆಚ್ಚು ಇರುವ ಸಾಮಾನುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಆ ಗೆರೆ ಎಲ್ಲಿ ಬೀಳುತ್ತದೆ ಅಂತ ಡಬ್ಬಿ ಹೇಳುವುದಿಲ್ಲ, ಆದರೆ ಕಂಡುಹಿಡಿಯುವ ಒಂದು ಉಪಾಯವಿದೆ. "ಫಿನಾಕ್ಸಿಎಥನಾಲ್" ಅನ್ನುವ ಕೆಡದಂತೆ ಕಾಪಾಡುವ ಸಾಮಾನನ್ನು ಹುಡುಕಿ. ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಪಟ್ಟಿಯಲ್ಲಿ ಪ್ರೋಟೀನ್ ಅದರ ನಂತರ ಬಂದರೆ ಅದೂ ಶೇ. 1ರ ಒಳಗೇ ಅಂತ ತಿಳಿದುಕೊಳ್ಳಿ. ಅಷ್ಟಕ್ಕೇ ಡಬ್ಬಿ ವಾಪಸ್ ಇಡಬೇಕಿಲ್ಲ, ಏಕೆಂದರೆ ಪ್ರೋಟೀನ್ ಸ್ವಲ್ಪವೇ ಸಾಕು. ಆದರೆ ಪಟ್ಟಿಯ ಕಟ್ಟಕಡೆಯಲ್ಲಿ, ಬಣ್ಣ ಮತ್ತು ಸುವಾಸನೆಯ ಪಕ್ಕ ಕುಳಿತಿರುವ ಪ್ರೋಟೀನಿಗೆ ಎರಡು ಪಟ್ಟು ಬೆಲೆ ಕೊಡುವುದು ನನ್ನ ಲೆಕ್ಕದಲ್ಲಿ ದಂಡ.

ಇನ್ನೂ ಒಂದು ಗಮನಿಸಿ. ಪಟ್ಟಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಸೀಟಿಯರಿಲ್ ಆಲ್ಕೋಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಡೈಮೆಥಿಕೋನ್ ಇಂಥವು ಇರುತ್ತವೆ. ಮಾಸ್ಕ್ ತೊಳೆದ ತಕ್ಷಣ ಬೆರಳು ಜಾರುವಷ್ಟು ನುಣುಪಾಗುತ್ತದಲ್ವಾ, ಆ ಜಾರಿಕೆಯ ಹೆಚ್ಚಿನ ಪಾಲು ಇವುಗಳದ್ದು. ಹೆಸರು ಮಾತ್ರ ಕೆರಾಟಿನ್‌ಗೆ. (ಸೀಟಿಯರಿಲ್ ಆಲ್ಕೋಹಾಲ್ ಅಂದರೆ ಹೆದರಬೇಡಿ, ಅದು ಮೇಣದಂಥದ್ದು, ಒಣಗಿಸುವುದಿಲ್ಲ.)

ಗೋಧಿ ಆಗದವರು ಇಲ್ಲಿ ನಿಲ್ಲಿ

ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ಜಪಾನಿನಲ್ಲಿ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನ್ ಹಾಕಿದ ಒಂದು ಮುಖದ ಸೋಪು ಬಹಳ ಪ್ರಸಿದ್ಧವಾಗಿತ್ತು. ದಿನಾ ಅದರಿಂದ ಮುಖ ತೊಳೆದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. ಅದಕ್ಕೂ ಮುಂಚೆ ಬ್ರೆಡ್ಡು, ನೂಡಲ್ಸ್ ಆರಾಮಾಗಿ ತಿನ್ನುತ್ತಿದ್ದವರು ಇವರು. ಆಮೇಲೆ ಗೋಧಿ ತಿಂದರೆ ಕಣ್ಣು ರೆಪ್ಪೆ ಊದಿಕೊಳ್ಳುವುದು, ಕೆಲವರಿಗೆ ಉಸಿರು ಕಟ್ಟುವುದು. 2011ರಲ್ಲಿ ಆ ಸೋಪನ್ನು ವಾಪಸ್ ಪಡೆದರು. ತೊಂದರೆ ಕೊಟ್ಟದ್ದು ಸರಿಯಾಗಿ ಒಡೆಯದೆ ದೊಡ್ಡದಾಗಿಯೇ ಉಳಿದ ಪ್ರೋಟೀನ್ ತುಂಡುಗಳು. ಸೋಪಿನ ನೊರೆ ಚರ್ಮವನ್ನು ಸಡಿಲ ಮಾಡಿ ಅವುಗಳಿಗೆ ದಾರಿ ಮಾಡಿಕೊಟ್ಟಿತ್ತು. ಐರೋಪ್ಯ ಒಕ್ಕೂಟ 2017ರಲ್ಲಿ ಇದಕ್ಕೆ ನಿಯಮವನ್ನೇ ಮಾಡಿ, ಸೌಂದರ್ಯ ಸಾಧನಗಳಲ್ಲಿ ಗೋಧಿ ಪ್ರೋಟೀನಿನ ತುಂಡುಗಳು ಸರಾಸರಿ 3.5 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ದಾಟಬಾರದು ಅಂತ ಮಿತಿ ಹಾಕಿತು.

ಹಾಗಾಗಿ ಮೊದಲ ಸಲ ಬಳಸುವ ಮುಂಚೆ ಮೊಣಕೈ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ, ಒಂದು ದಿನ ಬಿಟ್ಟು ನೋಡಿ. ಇದನ್ನು ಯಾರೂ ಮಾಡುವುದಿಲ್ಲ ಅಂತ ನನಗೂ ಗೊತ್ತು, ಆದರೂ ಮಾಡಿ. ಗೋಧಿಯ ಅಲರ್ಜಿ ಇರುವವರು ಪರೀಕ್ಷೆ ಗಿರೀಕ್ಷೆ ಅಂತ ಹೋಗಲೇಬೇಡಿ, ಅಕ್ಕಿ ಅಥವಾ ಬಟಾಣಿ ಪ್ರೋಟೀನಿನದು ಹುಡುಕಿ. ಸೋಯಾ ಆಗದವರಿಗೂ ಇದೇ ಮಾತು. ಎಕ್ಸಿಮಾ ಇದ್ದು ಚರ್ಮ ಬಿರಿದಿದ್ದರೆ ಅದರ ಮೇಲೆ ಪ್ರೋಟೀನ್ ಕ್ರೀಮುಗಳು ಬೇಡ. ಗ್ಲುಟೆನ್ ತಿನ್ನಬಾರದು ಅಂತ ಡಾಕ್ಟರ್ ಹೇಳಿರುವ ಸೀಲಿಯಾಕ್ ಕಾಯಿಲೆಯವರಿಗೆ ತಲೆಗೆ ಹಚ್ಚುವುದು ಸಮಸ್ಯೆಯಾಗುವುದಿಲ್ಲ. ಅವರು ಜಾಗ್ರತೆ ವಹಿಸಬೇಕಾದದ್ದು ಬಾಯಿಗೆ ಹೋಗುವ ಲಿಪ್‌ಬಾಮ್, ಲಿಪ್‌ಸ್ಟಿಕ್ಕಿನಲ್ಲಿ.

ಹಚ್ಚುವ ದಿನ

ವಾರಕ್ಕೆ ಒಂದು ಸಲ ಸಾಕು, ತುಂಬ ಹಾಳಾಗಿಲ್ಲದ ಕೂದಲಿಗೆ ತಿಂಗಳಿಗೆ ಎರಡು ಸಲ. ಮೊದಲು ಶಾಂಪೂ ಹಾಕಿ ಜಿಡ್ಡು ಹೋಗುವ ಹಾಗೆ ತೊಳೆಯಿರಿ. ಎಣ್ಣೆ ಹಚ್ಚಿದ ಕೂದಲಿನ ಮೇಲೆ ನೇರವಾಗಿ ಮಾಸ್ಕ್ ಹಾಕಿದರೆ ಪ್ರೋಟೀನ್ ಕೂರುವುದು ಎಣ್ಣೆಯ ಮೇಲೆ.

ಬೆಂಗಳೂರಿನ ಬೋರ್‌ವೆಲ್ ನೀರಿನವರಿಗೆ ಇಲ್ಲೊಂದು ಹೆಚ್ಚಿನ ಹೆಜ್ಜೆ. ನಲ್ಲಿಯ ಬಾಯಿಗೆ, ಗೀಸರಿನ ಕಾಯಿಲಿಗೆ ಬೆಳ್ಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಆ ಉಪ್ಪು ಕೂದಲಿಗೂ ಕಟ್ಟಿಕೊಳ್ಳುತ್ತದೆ. ಎಷ್ಟೋ ಸಲ "ಕೂದಲು ಹಾಳಾಗಿದೆ, ಕೆರಾಟಿನ್ ಬೇಕು" ಅಂತ ಅನ್ನಿಸುವುದು ಈ ಪದರದಿಂದಲೇ. ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ ಎರಡು ಚಮಚ ವಿನೆಗರ್ ಬೆರೆಸಿ, ಶಾಂಪೂ ತೊಳೆದ ಮೇಲೆ ಕೂದಲಿಗೆ ಸುರಿದು, ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಕೊನೆಯ ಒಂದು ಚೊಂಬು ಫಿಲ್ಟರ್ ನೀರಾದರೆ ಒಳ್ಳೆಯದು. ಇಷ್ಟಕ್ಕೇ ಕೂದಲು ಮೆತ್ತಗಾದರೆ ಮಾಸ್ಕ್ ಕೊಳ್ಳುವ ಅಗತ್ಯವೇ ಬರಲಿಕ್ಕಿಲ್ಲ.

ಆಮೇಲೆ ಟವೆಲಿನಲ್ಲಿ ನೀರು ಹಿಂಡಿ ತೆಗೆಯಿರಿ, ತಿಕ್ಕಬೇಡಿ. ನೀರು ತೊಟ್ಟಿಕ್ಕುವ ಕೂದಲಿಗೆ ಹಚ್ಚಿದರೆ ಅರ್ಧ ನೆಲಕ್ಕೆ. ಭುಜದುದ್ದದ ಕೂದಲಿಗೆ ಒಂದು ದೊಡ್ಡ ಚಮಚ ಮಾಸ್ಕ್ ಸಾಕು. ಎರಡು ಅಂಗೈಗೂ ಸವರಿಕೊಂಡು ತುದಿಯಿಂದ ಶುರುಮಾಡಿ ಕಿವಿಯ ಮಟ್ಟಕ್ಕೆ ನಿಲ್ಲಿಸಿ. ಹಲ್ಲು ದೂರ ಇರುವ ಬಾಚಣಿಗೆಯಲ್ಲಿ ಒಂದು ಸಲ ಬಾಚಿದರೆ ಎಲ್ಲ ಕಡೆ ಸಮವಾಗಿ ಹರಡುತ್ತದೆ. ಡಬ್ಬಿಯಲ್ಲಿ ಎಷ್ಟು ನಿಮಿಷ ಬರೆದಿದೆಯೋ ಅಷ್ಟೇ, ಸಾಮಾನ್ಯವಾಗಿ ಐದರಿಂದ ಹತ್ತು. ಮೆಹಂದಿಯ ಹಾಗೆ ಎರಡು ಗಂಟೆ ಬಿಟ್ಟರೆ ಎರಡರಷ್ಟು ಹಿಡಿಯುವುದಿಲ್ಲ. ತೊಳೆದ ಮೇಲೆ ಕೂದಲು ಸ್ವಲ್ಪ ಬಿರುಸು ಅನ್ನಿಸಿದರೆ ಮಾಮೂಲಿ ಕಂಡೀಷನರ್ ಒಂದು ಸಲ ಹಚ್ಚಿ ತೊಳೆಯಿರಿ.

ಮುಂದಿನ ಸಲ ಸ್ನಾನದ ಮುಂಚೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಕೂದಲು ತೊಳೆಯುವಾಗ ಒಳಗಿನ ಪ್ರೋಟೀನ್ ಸ್ವಲ್ಪಸ್ವಲ್ಪ ಕೊಚ್ಚಿ ಹೋಗುತ್ತಿರುತ್ತದೆ. ಆ ನಷ್ಟವನ್ನು ತೆಂಗಿನೆಣ್ಣೆ ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮಾಡುವುದಿಲ್ಲ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧಕರೇ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೂ ಹೊರಗಿನಿಂದ ಪ್ರೋಟೀನ್ ತುಂಬುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಅಗ್ಗ ಅಲ್ವಾ?

ನಾನು ಮಾಡಿದ ಎಡವಟ್ಟು

ಕೆಲವು ವರ್ಷದ ಹಿಂದೆ ಕೂದಲಿಗೆ ಬಣ್ಣ ಹಾಕಿಸಿ, ಅದು ಒಣಗಿದ ಹುಲ್ಲಿನಂತಾದಾಗ, ನಾನು ಪ್ರೋಟೀನ್ ಶಾಂಪೂ, ಪ್ರೋಟೀನ್ ಕಂಡೀಷನರ್, ಪ್ರೋಟೀನ್ ಮಾಸ್ಕ್, ಮೇಲೊಂದು ಪ್ರೋಟೀನ್ ಸೀರಮ್ ಎಲ್ಲ ಒಟ್ಟಿಗೆ ಶುರುಮಾಡಿದೆ. ಮೊದಲ ವಾರ ಬಲು ಚೆನ್ನಾಗಿತ್ತು. ಮೂರನೆಯ ವಾರಕ್ಕೆ ಜಡೆ ಹೆಣೆಯಲು ಹೋದರೆ ಕೈಗೆ ತೆಂಗಿನ ನಾರು ಸಿಕ್ಕ ಹಾಗೆ. ಬಾಚಿದರೆ ಚಟಚಟ ಅಂತ ತುಂಡು, ಬೇಸಿನ್ ತುಂಬ ಒಂದೊಂದು ಇಂಚಿನ ಚೂರುಗಳು. ನಾನು ಏನು ಮಾಡಿದೆ ಹೇಳಿ? ಇನ್ನೂ ಪ್ರೋಟೀನ್ ಸಾಲದು ಅಂತ ವಾರಕ್ಕೆ ಎರಡು ಸಲ ಮಾಸ್ಕ್ ಹಾಕಿದೆ.

ಪೊರೆಯ ಮೇಲೆ ಪೊರೆ ಕೂತು ಕೂದಲು ಬಗ್ಗುವ ಗುಣವನ್ನೇ ಕಳೆದುಕೊಂಡಿತ್ತು. ಹೀಗಾದರೆ ಪ್ರೋಟೀನ್ ಹೆಸರಿರುವುದನ್ನೆಲ್ಲ ಮೂರು ನಾಲ್ಕು ವಾರ ಕಪಾಟಿಗೆ ಸೇರಿಸಿ. ಒಂದು ಸಲ ಚೆನ್ನಾಗಿ ಜಿಡ್ಡು ತೆಗೆಯುವ ಶಾಂಪೂ, ಆಮೇಲೆ ಪ್ರತಿ ಸಲ ಪ್ರೋಟೀನ್ ಇಲ್ಲದ ಸಾದಾ ಕಂಡೀಷನರ್ ಧಾರಾಳವಾಗಿ. ನನಗೆ ಐದಾರು ಸ್ನಾನದಲ್ಲಿ ಸರಿಹೋಯಿತು, ತುಂಡಾದದ್ದು ಮಾತ್ರ ತುಂಡಾದದ್ದೇ. ಆವತ್ತಿನಿಂದ ನನ್ನ ನಿಯಮ, ನಾಲ್ಕು ಸಾಮಾನಿನಲ್ಲಿ ಒಂದರಲ್ಲಿ ಮಾತ್ರ ಪ್ರೋಟೀನ್.

ಪಾರ್ಲರಿನ "ಕೆರಾಟಿನ್" ಬೇರೆ ಲೋಕ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆಯಲ್ಲಿ ಹಚ್ಚುವ ಮಾಸ್ಕಿಗೂ ಪಾರ್ಲರಿನಲ್ಲಿ ಮೂರು ನಾಲ್ಕು ಗಂಟೆ ಕೂರಿಸಿ ಮಾಡುವ ಕೆರಾಟಿನ್ ಟ್ರೀಟ್‌ಮೆಂಟಿಗೂ ಹೆಸರು ಬಿಟ್ಟರೆ ನಂಟಿಲ್ಲ. ಅಲ್ಲಿ ಕೂದಲನ್ನು ತಿಂಗಳುಗಟ್ಟಲೆ ನೇರವಾಗಿ ಇಡುವುದು ಕೆರಾಟಿನ್ ಅಲ್ಲ. ಫಾರ್ಮಾಲ್ಡಿಹೈಡ್, ಇಲ್ಲವೇ ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಸಿಡ್, ಮತ್ತು ಅದರ ಮೇಲೆ 200 ಡಿಗ್ರಿ ದಾಟಿದ ಐರನ್. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ಐರನ್ ಇಟ್ಟಾಗ ಏಳುವ ಹೊಗೆಗೆ ಕಣ್ಣುರಿ ಬಂದು ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಅನುಮಾನ ಪಡಬೇಕಾದದ್ದು ಅದನ್ನೇ. ನೀವು ವರ್ಷಕ್ಕೆ ಒಂದೆರಡು ಸಲ ಕೂರುತ್ತೀರಿ, ಅಲ್ಲಿ ಕೆಲಸ ಮಾಡುವ ಹುಡುಗಿಯರು ದಿನಾ ಅದನ್ನು ಉಸಿರಾಡುತ್ತಾರೆ.

ಗ್ಲೈಆಕ್ಸಿಲಿಕ್ ಆಸಿಡ್ ಇದ್ದರೆ ಸುರಕ್ಷಿತ ಅಂತ ಅಂದುಕೊಂಡಿದ್ದರು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಒಬ್ಬ ಹೆಣ್ಣುಮಗಳ ವಿಷಯ ಬರೆದರು. ಮೂರು ಸಲ ಕೂದಲು ನೇರ ಮಾಡಿಸಿಕೊಂಡಿದ್ದಳು, ಮೂರು ಸಲವೂ ಅವಳ ಕಿಡ್ನಿಗೆ ಏಟು ಬಿದ್ದಿತ್ತು. ಕ್ರೀಮಿನಲ್ಲಿ ಶೇ. 10 ಗ್ಲೈಆಕ್ಸಿಲಿಕ್ ಆಸಿಡ್ ಇತ್ತು. ಅದು ತಲೆಯ ಚರ್ಮದ ಮೂಲಕ ಒಳಗಿಳಿದು ಮೈಯಲ್ಲಿ ಆಕ್ಸಲೇಟ್ ಆಗಿ, ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ ಅಂತ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು.

ಹಾಗಾಗಿ ಪಾರ್ಲರಿನಲ್ಲಿ "ಮೇಡಂ, ಇದು ಪ್ಲಾಂಟ್ ಕೆರಾಟಿನ್, ನ್ಯಾಚುರಲ್ಲು" ಅಂದರೆ ಒಂದೇ ಪ್ರಶ್ನೆ ಕೇಳಿ: "ಬಾಟಲಿ ತೋರಿಸ್ತೀರಾ?" ಫಾರ್ಮಾಲ್ಡಿಹೈಡ್, ಫಾರ್ಮಲಿನ್, ಮಿಥಿಲೀನ್ ಗ್ಲೈಕಾಲ್, ಗ್ಲೈಆಕ್ಸಿಲಿಕ್ ಆಸಿಡ್, ಇವುಗಳಲ್ಲಿ ಯಾವುದು ಕಂಡರೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ತೋರಿಸದಿದ್ದರೆ ಎದ್ದು ಬನ್ನಿ. ಗೋಧಿ ಪ್ರೋಟೀನ್ ಒಂದರಿಂದಲೇ ಗುಂಗುರು ಕೂದಲು ನಾಲ್ಕು ತಿಂಗಳು ನೇರ ನಿಲ್ಲುವುದು ಸಾಧ್ಯವೇ ಇಲ್ಲ, ನಿಂತಿತು ಅಂದರೆ ಜೊತೆಗೆ ಬೇರೆ ಏನೋ ಇತ್ತು ಅಂತಲೇ ಅರ್ಥ. ಬಸುರಿಯರು, ಎಳೆ ಬಾಣಂತಿಯರು ಇದರ ಹತ್ತಿರ ಹೋಗಬೇಡಿ.

ಮನೆಯಲ್ಲೇ ಕೆರಾಟಿನ್ ಮಾಡುವ ವಿಡಿಯೋಗಳು

ಅನ್ನ, ಅಗಸೆ ಬೀಜದ ಲೋಳೆ, ತೆಂಗಿನಹಾಲು ರುಬ್ಬಿ ಹಚ್ಚಿ, ಹತ್ತು ಸಾವಿರದ ಟ್ರೀಟ್‌ಮೆಂಟ್ ಮನೆಯಲ್ಲೇ ಅಂತ ತೋರಿಸುತ್ತಾರೆ. ಕೂದಲು ನುಣುಪಾಗುವುದು ನಿಜ. ಪಿಷ್ಟ ಮತ್ತು ಲೋಳೆ ಪದರವಾಗಿ ಕೂರುತ್ತದೆ, ಸೀರೆಗೆ ಗಂಜಿ ಹಾಕಿದ ಹಾಗೆ. ನಮ್ಮ ಮೆಂತ್ಯ, ಲೋಳೆಸರ, ದಾಸವಾಳದ ಎಲೆಯ ಮತ್ತಿ ಮಾಡುವುದೂ ಅದನ್ನೇ, ಹೆಚ್ಚು ಸಲೀಸಾಗಿ. ಕೆರಾಟಿನ್ ಅಂತ ಕರೆಯದೆ ಹಚ್ಚಿಕೊಳ್ಳಿ, ಖುಷಿಯಾಗಿರಿ. ಚೆನ್ನಾಗಿ ಸೋಸಿಕೊಳ್ಳಿ ಮಾತ್ರ, ಕೂದಲಿನಿಂದ ಅನ್ನದ ಅಗುಳು ಹೆಕ್ಕುತ್ತಾ ಕೂರುವುದು ಬೇಡ.

ಚರ್ಮಕ್ಕೆ

ಇಲ್ಲಿ ಹೇಳುವುದು ಸ್ವಲ್ಪವೇ ಇದೆ. ಈ ಪ್ರೋಟೀನ್ ತುಂಡುಗಳಲ್ಲಿ ಹೆಚ್ಚಿನವು ಚರ್ಮದ ಒಳಕ್ಕೆ ಇಳಿಯಲಾರದಷ್ಟು ದೊಡ್ಡವು. ಮೇಲೆ ಕೂತು ತೇವ ಹಿಡಿದುಕೊಳ್ಳುತ್ತವೆ, ಅಷ್ಟೇ. ಹಚ್ಚಿ ಬಿಡುವ ಕ್ರೀಮಿನಲ್ಲಿ ಇದ್ದರೆ ಸರಿ. ಫೇಸ್‌ವಾಷಿನಲ್ಲಿ ಇದ್ದರೆ ಅರ್ಧ ನಿಮಿಷಕ್ಕೆ ಚರಂಡಿ ಪಾಲು, ಮೇಲೆ ಆ ಜಪಾನಿನ ಸೋಪಿನ ಕಥೆ ಬೇರೆ ನೆನಪಾಗುತ್ತದೆ. ಒಡೆದ ಹಿಮ್ಮಡಿಗೆ ಪ್ಲಾಂಟ್ ಕೆರಾಟಿನ್ ಹುಡುಕಬೇಡಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ. 10 ಯೂರಿಯಾ ಇರುವ ಕ್ರೀಮ್ ರಾತ್ರಿ ಹಚ್ಚಿ ಕಾಲುಚೀಲ ಹಾಕಿ ಮಲಗಿ.

ಉಗುರಿಗೆ

ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಹತ್ತು ದಿನದಲ್ಲಿ ಉಗುರು ಗಟ್ಟಿ ಅನ್ನುವ ಮಾತನ್ನು ಇದರ ಪಕ್ಕ ಇಟ್ಟು ನೋಡಿ.

ಉಗುರು ಪದರ ಪದರವಾಗಿ ಏಳುವುದಕ್ಕೆ ದೊಡ್ಡ ಕಾರಣ ನೀರು. ಪಾತ್ರೆ ತೊಳೆಯುವಾಗ ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ದಿನಕ್ಕೆ ಹತ್ತು ಸಲ ಹೀಗಾದರೆ ಪದರಗಳು ಬಿಟ್ಟುಕೊಳ್ಳುತ್ತವೆ. ರಬ್ಬರ್ ಗ್ಲೌಸ್ ಹಾಕಿಕೊಂಡು ಪಾತ್ರೆ ತೊಳೆಯುವುದು, ರಾತ್ರಿ ಉಗುರಿನ ಬುಡಕ್ಕೆ ಹರಳೆಣ್ಣೆಯೋ ತೆಂಗಿನೆಣ್ಣೆಯೋ ತಿಕ್ಕುವುದು, ಉಗುರಿನ ಅರದಲ್ಲಿ ಒಂದೇ ದಿಕ್ಕಿಗೆ ಉಜ್ಜುವುದು, ಇಷ್ಟರ ಮೇಲೆ ಬೇಕಿದ್ದರೆ ಪ್ರೋಟೀನ್ ಇರುವ ಬೇಸ್ ಕೋಟ್ ಹಾಕಿಕೊಳ್ಳಿ. ಅದು ಮೇಲೊಂದು ಪದರವಾಗಿ ಕಾಪಾಡುತ್ತದೆ. "ನೇಲ್ ಹಾರ್ಡನರ್" ಅಂತ ಮಾರುವುದರಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಹಾಕಿರುತ್ತಾರೆ, ಅದು ಉಗುರನ್ನು ಮೊದಲು ಗಟ್ಟಿ ಮಾಡಿ ಆಮೇಲೆ ಸುಲಭವಾಗಿ ಮುರಿಯುವ ಹಾಗೆ ಮಾಡುತ್ತದೆ. ಉಗುರು ಚಮಚದ ಹಾಗೆ ಒಳಕ್ಕೆ ಬಾಗಿದ್ದರೆ ಅಂಗಡಿಗಲ್ಲ, ರಕ್ತ ಪರೀಕ್ಷೆಗೆ ಹೋಗಿ. ಕಬ್ಬಿಣದ ಅಂಶ ಕಡಿಮೆಯಾಗಿರಬಹುದು.

ನುಂಗುವ "ಕೆರಾಟಿನ್"

ಪ್ಲಾಂಟ್ ಕೆರಾಟಿನ್ ಬಿಲ್ಡರ್ ಅಂತ ಮಾತ್ರೆ, ಪುಡಿ ಮಾರುತ್ತಾರೆ. ಒಳಗೆ ಸಾಮಾನ್ಯವಾಗಿ ಅಗಸೆ ಮರದ ಸೊಪ್ಪಿನ ಸಾರದಿಂದ ತೆಗೆದ ಬಯೋಟಿನ್ (ಒಂದು ಬಿ ವಿಟಮಿನ್), ಬಿದಿರಿನ ಸಿಲಿಕಾ, ನೆಲ್ಲಿಕಾಯಿ ಇಂಥವು. ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ಜಾಸ್ತಿ ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೂ, ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯ ಫಲಿತಾಂಶವನ್ನೂ ತಪ್ಪು ಮಾಡಬಲ್ಲದು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿದೆ. ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ.

ಮೈಯೊಳಗೆ ಕೆರಾಟಿನ್ ತಯಾರಾಗುವುದು ನಾವು ತಿನ್ನುವ ಯಾವುದೇ ಪ್ರೋಟೀನಿನಿಂದ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 55 ಕಿಲೋ ಇರುವವರಿಗೆ ಸುಮಾರು 46 ಗ್ರಾಂ ಬೇಕು. ಎರಡು ತುತ್ತು ಅನ್ನ, ತಿಳಿ ಸಾರು, ಉಪ್ಪಿನಕಾಯಿಯಲ್ಲಿ ದಿನ ಕಳೆಯುವವರು ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಹುರುಳಿಕಾಳಿನ ಬಸ್ಸಾರು, ಹೆಸರುಕಾಳು ಕೋಸಂಬರಿ, ಮೊಸರು ಜಾಸ್ತಿ ಮಾಡಿ. ಜ್ವರ ಬಂದು ಇಲ್ಲವೇ ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದು ಮಾಮೂಲಿ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅಲ್ಲಲ್ಲಿ ಬೋಳು ಬಿದ್ದರೆ ಚರ್ಮದ ಡಾಕ್ಟರ್.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಚಿಕ್ಕಮ್ಮ ಎದ್ದು ಬಚ್ಚಲಿಗೆ ಹೋಗಿ ನನ್ನ ಮಾಮೂಲಿ ಕಂಡೀಷನರ್ ಬಾಟಲಿ ತಂದು, ಕನ್ನಡಕ ಏರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದರು. ಎಂಟನೆಯ ಜಾಗದಲ್ಲಿ ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್. ಅವರು ತಂದ ಮಾಸ್ಕಿನಲ್ಲಿ ಅದು ಹದಿನಾಲ್ಕನೆಯದು. ಬೆಲೆ ಎರಡೂವರೆ ಪಟ್ಟು. ಮಾಸ್ಕನ್ನು ಬ್ಯಾಗಿಗೆ ಹಾಕಿಕೊಂಡು "ಹುಡುಗಿಗೆ ಕೊಡ್ತೀನಿ, ಅವಳೇ ಬಣ್ಣ ಬಳ್ಕೊಂಡಿರೋದು" ಅಂದರು. ಆಮೇಲೆ ಏನೋ ನೆನಪಾದವರಂತೆ ಬಾಗಿಲಲ್ಲಿ ನಿಂತರು.

"ಗೋಧಿ ಅಂದ್ಯಲ್ಲ, ಹಾಗಾದ್ರೆ ಏಕಾದಶಿ ದಿನ ಹಚ್ಕೋಬಹುದೇನೇ?"